ಕೋವಿಡ್ ವರ್ಷದಲ್ಲಿ ಬಡವರಾದವರು 23 ಕೋಟಿಯೋ, ಸೊನ್ನೆಯೋ? ಇದರಲ್ಲಿ ಬೆಂಗಳೂರು ಎಲ್ಲಿದೆ?

ಕುಮಾರಸ್ವಾಮಿ_ಲೇಔಟ್

ಎಲ್ಲರಿಗೂ ನಮಸ್ಕಾರ. ನಾನು ಎಂ.ಎ. ಅರ್ಥಶಾಸ್ತ್ರ ಓದುತ್ತಿದ್ದೇನೆ. ಕೋವಿಡ್ ಸಮಯದಲ್ಲಿ ದುಡಿಯುವ ಜನರಿಗೆ ಏನಾಯಿತು ಅನ್ನುವ ಬಗ್ಗೆ ಪ್ರಬಂಧ ಬರೆಯಬೇಕು. ಓದಿದಷ್ಟೂ ತಲೆ ಕೆಡುತ್ತಿದೆ.

2020ರಲ್ಲಿ ಭಾರತದಲ್ಲಿ ಹೊಸದಾಗಿ ಬಡವರಾದವರು ಎಷ್ಟು ಜನ? ನಮ್ಮ ಬೆಂಗಳೂರಿನದೇ ಆದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 2021ರ ವರದಿ 23 ಕೋಟಿ ಎನ್ನುತ್ತದೆ. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 7.5 ಕೋಟಿ ಎನ್ನುತ್ತದೆ. ವಿಶ್ವಬ್ಯಾಂಕ್ ಲೆಕ್ಕ 5.6 ಕೋಟಿ. 2022ರಲ್ಲಿ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಹೊರತಂದ ಭಲ್ಲಾ, ಭಾಸಿನ್, ವಿರ್ಮಾನಿ ಪ್ರಬಂಧದಲ್ಲಿ ಕಡುಬಡತನ 2019ರಲ್ಲಿ ಶೇ 0.8, 2020ರಲ್ಲೂ ಅಷ್ಟೇ. ಅಂದರೆ ಏರಿಕೆಯೇ ಇಲ್ಲ.

ಗೈಡ್ ಕೇಳಿದರೆ ‘ಒಂದನ್ನು ಹಿಡಿದು ಮುಂದೆ ಹೋಗಪ್ಪಾ’ ಎಂದರು. ಯಾವುದನ್ನು ಹಿಡಿಯಲಿ? ಇನ್ನೊಂದು ತಲೆನೋವು, ಇದರಲ್ಲಿ ಯಾವುದರಲ್ಲೂ ಬೆಂಗಳೂರು ಬೇರೆಯಾಗಿ ಕಾಣುತ್ತಿಲ್ಲ. ಓದಿದವರು, ಅನುಭವಿಸಿದವರು ಯಾರಾದರೂ ಸರಿ, ಹೇಳಿ.

ಸುಮ್ನೆ_ಒಬ್ಬ

ಸೊನ್ನೆ ಅಂತ ಬರೆಯಿರಿ, ಕೆಲಸ ಬೇಗ ಮುಗಿಯುತ್ತದೆ. ಸಂಜೆ ಸಿಲ್ಕ್ ಬೋರ್ಡ್ ಸಿಗ್ನಲ್ ಹತ್ತಿರ ನಿಂತು ಟ್ರಾಫಿಕ್ ನೋಡಿ. ಯಾರಾದರೂ ಬಡವರಾದ ಹಾಗೆ ಕಾಣುತ್ತಾರಾ?

ಲೆಕ್ಕದ_ಮೇಷ್ಟ್ರು

ಸಿಲ್ಕ್ ಬೋರ್ಡ್‌ನಲ್ಲಿ ಕಾಣುವುದು ಕಾರು ಇರುವವರು. ಅದು ಬಿಡಿ.

ಈ ನಾಲ್ಕೂ ಒಂದೇ ಪ್ರಶ್ನೆಗೆ ಕೊಟ್ಟ ಉತ್ತರಗಳಲ್ಲ. ಮೊದಲು ಬಡತನದ ಗೆರೆ ನೋಡಿ, ಅಂದರೆ ಎಷ್ಟಕ್ಕಿಂತ ಕಡಿಮೆ ಇದ್ದರೆ ಬಡವರು ಅನ್ನುವುದು. ಕೇಂದ್ರ ಸರ್ಕಾರ ನೇಮಿಸಿದ್ದ ಅನೂಪ್ ಸತ್ಪತಿ ಸಮಿತಿ ದಿನಕ್ಕೆ 375 ರೂಪಾಯಿ ಕನಿಷ್ಠ ಕೂಲಿ ಇರಬೇಕು ಎಂದು ಶಿಫಾರಸು ಮಾಡಿತ್ತು. ಪ್ರೇಮ್‌ಜಿ ವರದಿ ಅದನ್ನೇ ಗೆರೆ ಮಾಡಿಕೊಂಡಿತು. ಇದು ಎತ್ತರದ ಗೆರೆ. ಅದರ ಸ್ವಲ್ಪ ಮೇಲೆ ಕೋಟಿಗಟ್ಟಲೆ ಜನ ಇದ್ದರು. ಒಂದೆರಡು ತಿಂಗಳ ಸಂಪಾದನೆ ನಿಂತರೆ ಸಾಕು, ಅಷ್ಟೂ ಜನ ಕೆಳಗೆ. ವಿಶ್ವಬ್ಯಾಂಕ್ ಆ ಲೆಕ್ಕಕ್ಕೆ ಇಟ್ಟುಕೊಂಡಿದ್ದ ಗೆರೆ ದಿನಕ್ಕೆ 2.15 ಡಾಲರ್, ಐಎಂಎಫ್ ಪ್ರಬಂಧದ್ದು 1.9 ಡಾಲರ್. ಎರಡೂ ಇಲ್ಲಿನ ಬೆಲೆಗೆ ಹೊಂದಿಸಿದ ಡಾಲರ್, ಬ್ಯಾಂಕಿನಲ್ಲಿ ಸಿಗುವ ದರವಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿ ಬದುಕುವವರಿಗೆ ಆ ಗೆರೆ ತೀರಾ ನೆಲಮಟ್ಟದ್ದು.

ಇನ್ನು ಅಳೆದದ್ದು ಏನನ್ನು? ಪ್ರೇಮ್‌ಜಿಯವರು ಆದಾಯ ನೋಡಿದರು. ಭಲ್ಲಾ ತಂಡ ಖರ್ಚು ನೋಡಿತು, ಅದಕ್ಕೆ ಪಡಿತರದ ಬೆಲೆಯನ್ನೂ ಸೇರಿಸಿತು. 2020ರ ಏಪ್ರಿಲ್‌ನಿಂದ 2022ರ ಡಿಸೆಂಬರ್‌ವರೆಗೆ (ನಡುವೆ ಕೆಲವು ತಿಂಗಳು ಬಿಟ್ಟು) ಕೇಂದ್ರದ ಗರೀಬ್ ಕಲ್ಯಾಣ ಯೋಜನೆಯಲ್ಲಿ ಸುಮಾರು 80 ಕೋಟಿ ಜನರಿಗೆ ತಿಂಗಳಿಗೆ ತಲಾ 5 ಕೆ.ಜಿ. ಧಾನ್ಯ ಪುಕ್ಕಟೆ ಬಂತು. ಕೆಲಸ ಹೋದವರ ಆದಾಯ ಸೊನ್ನೆ. ಆದರೆ ಅಕ್ಕಿ ಬಂದರೆ, ಖರ್ಚಿನ ಲೆಕ್ಕದಲ್ಲಿ ಅವರು ಗೆರೆಯ ಮೇಲೇ ಉಳಿಯಬಹುದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹಸಿವಿನಿಂದ ಉಳಿದರು ಅನ್ನುವುದು ಒಂದು ಮಾತು. ಬದುಕು ಮೊದಲಿನ ಹಾಗೆ ಇತ್ತು ಅನ್ನುವುದು ಬೇರೆ ಮಾತು.

ನನ್ನ ಸಿಟ್ಟು ಇರುವುದು ಇನ್ನೊಂದರ ಮೇಲೆ. 2017-18ರ ಕುಟುಂಬ ಖರ್ಚಿನ ಸಮೀಕ್ಷೆಯನ್ನು ಸರ್ಕಾರ ಹೊರಗೆ ಬಿಡಲಿಲ್ಲ. ಆಮೇಲೆ ಅಂಥ ಸಮೀಕ್ಷೆ ನಡೆದದ್ದು 2022-23ರಲ್ಲಿ. ಕೋವಿಡ್ ಬಂದು ಹೋದದ್ದು ಸರಿಯಾಗಿ ಈ ಎರಡರ ನಡುವೆ. 2021ರ ಜನಗಣತಿಯೂ ನಡೆಯಲಿಲ್ಲ. ಹಾಗಾಗಿ ಪ್ರೇಮ್‌ಜಿಯವರು ಖಾಸಗಿ ಸಂಸ್ಥೆಯಾದ ಸಿಎಂಐಇ ನಡೆಸುವ ಮನೆಮನೆ ಸಮೀಕ್ಷೆ ಹಿಡಿದರು, ಭಲ್ಲಾ ತಂಡ ಜಿಡಿಪಿ ಅಂದಾಜು ಹಿಡಿಯಿತು. ಪ್ಯೂ ಸಂಸ್ಥೆಯ 7.5 ಕೋಟಿ ಬೆಳವಣಿಗೆಯ ಅಂದಾಜಿನಿಂದ ಹುಟ್ಟಿದ್ದು, ಮನೆ ಬಾಗಿಲಿಗೆ ಹೋಗಿ ಕೇಳಿದ್ದಲ್ಲ. ಅಳೆಯಬೇಕಾದವರು ಅಳೆದು ಕೊಟ್ಟಿದ್ದರೆ ನಿಮ್ಮ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಸುಮ್ನೆ_ಒಬ್ಬ

ಸರಿ ಮೇಷ್ಟ್ರೇ. ಆದರೆ ಆ ಸಿಎಂಐಇ ಬಡತನವನ್ನು ಜಾಸ್ತಿ ಮಾಡಿ ತೋರಿಸುತ್ತದೆ ಅಂತ ಟೀಕೆ ಇದೆಯಲ್ಲ?

ಲೆಕ್ಕದ_ಮೇಷ್ಟ್ರು

ಟೀಕೆ ಇರುವುದು ಪೂರ್ತಿ ಉಲ್ಟಾ. ಅರ್ಥಶಾಸ್ತ್ರಜ್ಞರಾದ ಜೀನ್ ಡ್ರೆಜ್ ಮತ್ತು ಅನ್ಮೋಲ್ ಸೋಮಂಚಿ 2021ರಲ್ಲಿ ಬರೆದದ್ದು, ಆ ಸಮೀಕ್ಷೆಯಲ್ಲಿ ತೀರಾ ಬಡವರು ಕಡಿಮೆ ಸಿಕ್ಕಿದ್ದಾರೆ ಎಂದು. ಊರಿನ ಮುಖ್ಯರಸ್ತೆಯಿಂದ ಮನೆ ಆರಿಸಲು ಶುರು ಮಾಡಿದರೆ ಹಿಂದಿನ ಗಲ್ಲಿಯವರು ಕಡಿಮೆ ಬೀಳುತ್ತಾರೆ, ಅಲ್ವಾ? ಸಿಎಂಐಇ ಇದನ್ನು ಒಪ್ಪಲಿಲ್ಲ, ಉತ್ತರವನ್ನೂ ಕೊಟ್ಟಿತು. ಆದರೆ ಟೀಕೆ ನಿಜವಾಗಿದ್ದರೆ ಆದ ಹಾನಿ ಆ ಲೆಕ್ಕಕ್ಕಿಂತ ದೊಡ್ಡದು, ಚಿಕ್ಕದಲ್ಲ.

ನಾಗರಭಾವಿ_ನಳಿನಾಕ್ಷಿ

ನಾನು 2020-21ರಲ್ಲಿ ಒಂದು ಸಂಸ್ಥೆಗೆ ಫೋನ್ ಸಮೀಕ್ಷೆ ಮಾಡಿಕೊಡುತ್ತಿದ್ದೆ. ಮನೆಯಲ್ಲೇ ಕೂತು ಪಟ್ಟಿ ನೋಡಿ ಫೋನ್ ಮಾಡುವುದು. ಒಳಗಿನ ಕಥೆ ಸ್ವಲ್ಪ ಹೇಳುತ್ತೇನೆ.

ಪಟ್ಟಿಯಲ್ಲಿ ಒಳ್ಳೆಯ ಪಾಲು ನಂಬರುಗಳು ಸ್ವಿಚ್ ಆಫ್. ರೀಚಾರ್ಜ್ ಮಾಡಿಸಲು ದುಡ್ಡಿಲ್ಲದಿದ್ದರೆ ಇನ್‌ಕಮಿಂಗ್ ಕೂಡ ನಿಂತುಹೋಗುತ್ತದೆ. ಅಂದರೆ ಯಾರ ಸ್ಥಿತಿ ತೀರಾ ಕೆಟ್ಟಿದೆಯೋ ಅವರೇ ಲೆಕ್ಕದಿಂದ ಜಾರಿಹೋದರು. ಎರಡನೇ ಸುತ್ತಿನಲ್ಲಿ ಫೋನ್ ಎತ್ತಿದವರು ಮೊದಲ ಸುತ್ತಿನವರಿಗಿಂತ ಸ್ವಲ್ಪ ವಾಸಿ ಇದ್ದವರು. ಕಾಗದದ ಮೇಲೆ ನೋಡಿದರೆ ಪರಿಸ್ಥಿತಿ ಸುಧಾರಿಸಿದ ಹಾಗೆ ಕಾಣುತ್ತದೆ! ಇದನ್ನು ಸರಿಪಡಿಸಲು ವಿಧಾನಗಳಿವೆ, ದೊಡ್ಡ ಅಧ್ಯಯನಗಳು ಮಾಡುತ್ತವೆ. ಪತ್ರಿಕೆಗಳಲ್ಲಿ ಬರುವ ಸಣ್ಣಪುಟ್ಟ ಸರ್ವೆಗಳು ಮಾಡುವುದಿಲ್ಲ.

ಹೆಂಗಸರದು ಇನ್ನೊಂದು ಪಾಡು. ಫೋನ್ ಗಂಡನ ಕೈಯಲ್ಲಿ. ‘ನಿಮ್ಮ ಮನೆಯವರನ್ನು ಕೊಡಿ’ ಎಂದರೆ, ‘ಅವಳಿಗೇನು ಗೊತ್ತು, ನನ್ನನ್ನೇ ಕೇಳಿ’. ಕೊಟ್ಟರೂ ಸ್ಪೀಕರ್ ಹಾಕಿ ಪಕ್ಕದಲ್ಲೇ ನಿಂತಿರುತ್ತಾರೆ. ಆಗ ‘ನೀವು ಊಟ ಕಡಿಮೆ ಮಾಡಿದಿರಾ? ಮನೆಯಲ್ಲಿ ಜಗಳ ಜಾಸ್ತಿ ಆಯಿತಾ?’ ಎಂದು ಹೇಗೆ ಕೇಳುವುದು? ಕೇಳಿದರೂ ಬರುವ ಉತ್ತರ ‘ಎಲ್ಲ ಚೆನ್ನಾಗಿದೆ ಮೇಡಂ’.

ಹಾಗಂತ ಇವು ಯಾವುದೂ ಬೇಡ ಎಂದಲ್ಲ. ಆಗ ಇದ್ದ ದಾರಿ ಇದೊಂದೇ.

ಪೀಣ್ಯ_ಸೂಪರ್‌ವೈಸರ್

ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿ ಸೇರಿ ಲೈನ್ ಸೂಪರ್‌ವೈಸರ್ ಆದವಳು. ಈ ಕೋಟಿಗಳ ಲೆಕ್ಕ ನನಗೆ ಗೊತ್ತಿಲ್ಲ. ನಮ್ಮ ಲೈನ್‌ನಲ್ಲಿ ಆದದ್ದು ಹೇಳುತ್ತೇನೆ.

2020ರ ಮಾರ್ಚ್ ಕೊನೆಗೆ ಬಾಗಿಲು ಹಾಕಿದರು. ಮೇ ತಿಂಗಳಲ್ಲಿ ತೆರೆದಾಗ ಬಿಎಂಟಿಸಿ ಬಸ್ ಇನ್ನೂ ಸರಿಯಾಗಿ ಓಡುತ್ತಿರಲಿಲ್ಲ. ಬರಲು ಆಗದವರಿಗೆ ಆಬ್ಸೆಂಟ್ ಹಾಕಿದರು. ಆರ್ಡರ್ ಕ್ಯಾನ್ಸಲ್ ಆಗಿದೆ ಎಂದು ಹೆಲ್ಪರ್‌ಗಳನ್ನು ಮೊದಲು ಕಳಿಸಿದರು, ಆಮೇಲೆ ಚೆಕಿಂಗ್‌ನವರನ್ನು. ಎಷ್ಟೋ ಜನರಿಗೆ ಸೆಟಲ್‌ಮೆಂಟ್ ಎಂದು ಕೈಗೆ ಒಂದಿಷ್ಟು ಕೊಟ್ಟು ರಾಜೀನಾಮೆಗೆ ಸಹಿ ಹಾಕಿಸಿಕೊಂಡರು. ಕಾಗದದಲ್ಲಿ ಅವರನ್ನು ಯಾರೂ ತೆಗೆದಿಲ್ಲ, ಅವರೇ ಬಿಟ್ಟರು. ಫ್ಯಾಕ್ಟರಿ ಹೆಸರು ಹಾಕುವುದಿಲ್ಲ, ಸುತ್ತಮುತ್ತ ಎಲ್ಲ ಕಡೆ ಇದೇ ಕಥೆ.

ಅವರೆಲ್ಲ ಈಗ ಏನು ಮಾಡುತ್ತಿದ್ದಾರೆ? ಸೀರೆಗೆ ಫಾಲ್ಸ್ ಹಾಕುತ್ತಾರೆ, ಕುಚ್ಚು ಕಟ್ಟುತ್ತಾರೆ, ಬ್ಲೌಸ್ ಹೊಲಿಯುತ್ತಾರೆ. ಕೆಲವರು ಅಪಾರ್ಟ್‌ಮೆಂಟ್‌ಗಳಲ್ಲಿ ಮನೆಗೆಲಸ. ಊರಿಗೆ ಹೋದವರಲ್ಲಿ ವಾಪಸ್ ಬಂದವರು ಕಡಿಮೆ. ಬಂದವರಿಗೂ ಹಳೆಯ ಸರ್ವೀಸ್ ಲೆಕ್ಕಕ್ಕಿಲ್ಲ, ಹೊಸ ಕಾರ್ಡ್. ಗ್ರ್ಯಾಚುಟಿ ಮತ್ತೆ ಮೊದಲಿನಿಂದ ಶುರು.

ಕುಮಾರಸ್ವಾಮಿ_ಲೇಔಟ್

ಅಕ್ಕಾ, ನೀವು ಹೇಳಿದ್ದು ನಾನು ಓದುತ್ತಿರುವ ಒಂದು ಒಗಟಿಗೆ ನೇರ ತಾಗುತ್ತದೆ.

ಪ್ರೇಮ್‌ಜಿ ವರದಿಯಲ್ಲಿ ಹೀಗಿದೆ. ಮೊದಲು ಕೆಲಸದಲ್ಲಿದ್ದ ಗಂಡಸರಲ್ಲಿ ಶೇ 61 ಜನ ಕೆಲಸ ಉಳಿಸಿಕೊಂಡರು. ಶೇ 7 ಜನ ಕೆಲಸ ಕಳೆದುಕೊಂಡು 2020ರ ಕೊನೆವರೆಗೂ ವಾಪಸ್ ಬರಲಿಲ್ಲ. ಹೆಂಗಸರಲ್ಲಿ ಉಳಿಸಿಕೊಂಡವರು ಶೇ 19 ಮಾತ್ರ. ವಾಪಸ್ ಬರದವರು ಶೇ 47.

ಆದರೆ ಸರ್ಕಾರದ ಕಾರ್ಮಿಕ ಸಮೀಕ್ಷೆ ಪಿಎಲ್‌ಎಫ್‌ಎಸ್ ತೆಗೆದರೆ ಚಿತ್ರ ಬೇರೆ. 15 ವರ್ಷ ಮೇಲ್ಪಟ್ಟ ಹೆಂಗಸರಲ್ಲಿ ದುಡಿಯುವ ಅಥವಾ ಕೆಲಸ ಹುಡುಕುವವರ ಪಾಲು 2019-20ರಲ್ಲಿ ಶೇ 30 ಇದ್ದದ್ದು 2022-23ರಲ್ಲಿ ಶೇ 37 ಆಗಿದೆ. ಏರಿದೆ! ಒಂದೇ ದೇಶ, ಒಂದೇ ಕಾಲ. ಇದು ಹೇಗೆ?

ಲೆಕ್ಕದ_ಮೇಷ್ಟ್ರು

ಆ ಏರಿಕೆಯನ್ನು ಒಡೆದು ನೋಡಿ. ಹಳ್ಳಿಗಳಲ್ಲಿ 33ರಿಂದ 41.5ಕ್ಕೆ ಹೋಗಿದೆ. ನಗರಗಳಲ್ಲಿ 23.3ರಿಂದ 25.4ಕ್ಕೆ ಮಾತ್ರ. ಹೆಚ್ಚಿನದೆಲ್ಲ ಸ್ವಂತ ಉದ್ಯೋಗ. ಅದರಲ್ಲಿ ಮನೆಯ ಹೊಲ, ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಯುವವರೂ ಸೇರುತ್ತಾರೆ. ಪ್ರೇಮ್‌ಜಿಯವರೇ 2023ರ ವರದಿಯಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ಕೋವಿಡ್‌ಗೆ ಮೊದಲು ದುಡಿಯುವ ಹೆಂಗಸರಲ್ಲಿ ಶೇ 50 ಸ್ವಂತ ಉದ್ಯೋಗದಲ್ಲಿದ್ದರು, ಆಮೇಲೆ ಶೇ 60 ಆದರು. ಮೊದಲ ಲಾಕ್‌ಡೌನ್ ಆಗಿ ಎರಡು ವರ್ಷ ಕಳೆದರೂ ಸ್ವಂತ ಉದ್ಯೋಗದ ಸಂಪಾದನೆ 2019ರ ಏಪ್ರಿಲ್-ಜೂನ್‌ನಲ್ಲಿ ಇದ್ದದ್ದರ ಶೇ 85ರಷ್ಟೇ ಇತ್ತು. ಕಷ್ಟ ಬಂದು ದುಡಿಮೆಗೆ ಇಳಿದದ್ದು ಎಂದು ಅವರ ವಾದ. ನನಗೂ ಹಾಗೇ ಕಾಣುತ್ತದೆ.

ಮೇಲಿನ ಅಮ್ಮನವರ ಕುಚ್ಚು ಕಟ್ಟುವವರನ್ನೇ ತೆಗೆದುಕೊಳ್ಳಿ. ಪಿಎಫ್, ಇಎಸ್‌ಐ ಇದ್ದ ಸಂಬಳದ ಕೆಲಸ ಹೋಯಿತು. ಸೀರೆಗೆ ಇಷ್ಟು ಅಂತ ಸಿಗುವ ಕೆಲಸ ಬಂತು. ಪಿಎಲ್‌ಎಫ್‌ಎಸ್‌ನವರು ಕೇಳಿದಾಗ ಆಕೆ ಆಗಲೂ ಈಗಲೂ ‘ಉದ್ಯೋಗದಲ್ಲಿದ್ದಾರೆ’. ಸಿಎಂಐಇ ಬೇರೆ ಥರ ಕೇಳುತ್ತದೆ, ಇವತ್ತು ಕೆಲಸ ಇತ್ತಾ ಎಂದು. ಕುಚ್ಚಿನ ಆರ್ಡರ್ ಇಲ್ಲದ ದಿನ ಆಕೆ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಪೀಣ್ಯ_ಸೂಪರ್‌ವೈಸರ್

ಹಾಗಾದರೆ ಎರಡೂ ಕಡೆ ತಪ್ಪೇ ಆಯಿತಲ್ಲ ಮೇಷ್ಟ್ರೇ.

ಲೆಕ್ಕದ_ಮೇಷ್ಟ್ರು

ಎರಡೂ ಅರ್ಧ ಸರಿ ತಾಯಿ.

ಗಾಂಧಿಬಜಾರ್_ದರ್ಶಿನಿ

ಹೋಟೆಲಿನವರದೂ ಸ್ವಲ್ಪ ಕೇಳಿ. 2020ರ ಜೂನ್ 8ಕ್ಕೆ ಕೂತು ತಿನ್ನಲು ಅನುಮತಿ ಕೊಟ್ಟರು. ನಾವು ಟೇಬಲ್ ದೂರ ಹಾಕಿ, ಸ್ಯಾನಿಟೈಸರ್ ಇಟ್ಟು ಕಾದೆವು. ಜನ ಬರಲೇ ಇಲ್ಲ. ಬೆಳಿಗ್ಗೆ ಕಾಫಿಗೆ ಬರುತ್ತಿದ್ದ ಹಿರಿಯರು ಗೇಟಿನಾಚೆಯಿಂದ ಕೈ ಬೀಸಿ ಹೋಗುತ್ತಿದ್ದರು. ಆದ್ದರಿಂದ ‘ಲಾಕ್‌ಡೌನ್ ವ್ಯಾಪಾರ ಕೆಡಿಸಿತು’ ಅನ್ನುವುದು ಅರ್ಧ ಸತ್ಯ. ಭಯವೇ ಕೆಡಿಸಿತು. ಅಡುಗೆ ಹುಡುಗರು ಕುಂದಾಪುರ ಕಡೆಯವರು, ಹೋದವರು ಬರಲು ಹೆದರಿದರು. ಪಾರ್ಸೆಲ್ ಆ್ಯಪ್‌ನವರು ಕಮಿಷನ್ ಹಿಡಿದು ಕೊಟ್ಟದ್ದರಲ್ಲಿ ಗ್ಯಾಸಿನ ದುಡ್ಡೂ ಹುಟ್ಟಲಿಲ್ಲ. ಕಟ್ಟಡದ ಮಾಲೀಕರು ಎರಡು ತಿಂಗಳ ಬಾಡಿಗೆ ಬಿಟ್ಟರು. ಅದಕ್ಕೇ ಇವತ್ತು ಬಾಗಿಲು ತೆರೆದಿದೆ.

ಕುಮಾರಸ್ವಾಮಿ_ಲೇಔಟ್

ಅಣ್ಣಾ, ನೀವು ಹೇಳಿದ್ದನ್ನೇ ಅಮೆರಿಕದಲ್ಲಿ ಗೂಲ್ಸ್‌ಬೀ ಮತ್ತು ಸಿವರ್ಸನ್ ಎಂಬ ಅರ್ಥಶಾಸ್ತ್ರಜ್ಞರು ಮೊಬೈಲ್ ಫೋನ್ ಮಾಹಿತಿಯಿಂದ ಅಳೆದಿದ್ದಾರೆ. ಅಂಗಡಿಗಳಿಗೆ ಹೋಗುವವರ ಸಂಖ್ಯೆ ಶೇ 60 ಅಂಶ ಕುಸಿಯಿತು. ಅದರಲ್ಲಿ ಸರ್ಕಾರದ ಆದೇಶದಿಂದ ಆದದ್ದು ಬರೀ 7 ಅಂಶ. ಉಳಿದದ್ದು ಜನ ತಾವೇ ಹೆದರಿ ನಿಂತದ್ದು.

ಲಗ್ಗೆರೆ_ಲತಾ

ಅಮೆರಿಕದ್ದನ್ನು ಇಲ್ಲಿಗೆ ಹಾಗೇ ತಂದು ಅಂಟಿಸಬೇಡಿ ದಯವಿಟ್ಟು. ಭಯದಿಂದ ಮನೆಯಲ್ಲಿ ಕೂರಲು ಮನೆಯಲ್ಲಿ ಅಕ್ಕಿ ಇರಬೇಕು. ನಮ್ಮ ತಂದೆ ಆಟೋ ಓಡಿಸುತ್ತಾರೆ. ಅವರಿಗೆ ಭಯ ಇರಲಿಲ್ಲ ಎಂದಲ್ಲ. ಆದರೆ ಅವರನ್ನು ನಿಲ್ಲಿಸಿದ್ದು ಪೊಲೀಸ್ ಬ್ಯಾರಿಕೇಡ್. ಆದೇಶ ತೆಗೆದ ದಿನವೇ ಗಾಡಿ ತೆಗೆದರು. ಆಮೇಲೆ ನಿಲ್ಲಿಸಿದ್ದು ಗಿರಾಕಿಗಳ ಭಯ. ಟೆಕ್ ಕಂಪನಿಗಳೆಲ್ಲ ಮನೆಯಿಂದ ಕೆಲಸ ಮಾಡಿದರೆ ಮೆಟ್ರೋ ಸ್ಟೇಷನ್ನಿನಿಂದ ಆಫೀಸಿಗೆ ಆಟೋ ಹತ್ತುವವರು ಯಾರು? ಮೆಟ್ರೋ ಓಡಲು ಶುರುವಾದದ್ದೇ 2020ರ ಸೆಪ್ಟೆಂಬರ್ 7ಕ್ಕೆ.

ಪರಿಹಾರದ ಬಗ್ಗೆಯೂ ಹೇಳಿಬಿಡುತ್ತೇನೆ. 2020ರ ಮೇನಲ್ಲಿ ಯಡಿಯೂರಪ್ಪ ಸರ್ಕಾರ 1,610 ಕೋಟಿಯ ಪ್ಯಾಕೇಜ್ ಘೋಷಿಸಿತು. ಅದರಲ್ಲಿ 7.75 ಲಕ್ಷ ಆಟೋ, ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ. ಕ್ಷೌರಿಕರಿಗೆ, ಬಟ್ಟೆ ಒಗೆಯುವವರಿಗೂ ಅಷ್ಟೇ. ಸೇವಾ ಸಿಂಧುನಲ್ಲಿ ಅರ್ಜಿ ಹಾಕಬೇಕು. ಆ ಸೈಟ್ ತೆರೆಯಲು ನಾನು ರಾತ್ರಿ ಎದ್ದು ಕೂತದ್ದು ಇದೆ. ಬ್ಯಾಡ್ಜ್ ಇರುವವರಿಗೆ ದುಡ್ಡು ಬಂತು. ಬಾಡಿಗೆ ಗಾಡಿ ಓಡಿಸುವ, ಕಾಗದ ಸರಿ ಇಲ್ಲದ ಎಷ್ಟೋ ಜನರಿಗೆ ಬರಲಿಲ್ಲ. 2021ರ ಎರಡನೇ ಲಾಕ್‌ಡೌನ್‌ನಲ್ಲಿ ಅದೇ ಸಹಾಯ 3,000ಕ್ಕೆ ಇಳಿಯಿತು. ಎರಡನೇ ಅಲೆ ಮೊದಲನೆಯದಕ್ಕಿಂತ ಕೆಟ್ಟದ್ದು, ದುಡ್ಡು ಮಾತ್ರ ಕಡಿಮೆ.

ವರ್ತೂರು_ಕಡೆಯವ

ಪರಿಹಾರದ ಮಾತು ಬಂತು ಎಂದು ಬರೆಯುತ್ತಿದ್ದೇನೆ. ಕಟ್ಟಡ ಕೆಲಸದವರಿಗೆ ಕಲ್ಯಾಣ ಮಂಡಳಿಯಿಂದ 5,000 ಬಂತು. ಬಂದದ್ದು ನೋಂದಣಿ ಇದ್ದವರಿಗೆ. ನಮ್ಮ ಕಡೆ ತಗಡಿನ ಶೆಡ್‌ಗಳಲ್ಲಿ ಇರುವ ಬಿಹಾರ, ಬಂಗಾಳ, ಒಡಿಶಾದವರಲ್ಲಿ ಕಾರ್ಡ್ ಇದ್ದವರನ್ನು ಹುಡುಕಬೇಕು. ಯಾದಗಿರಿ, ರಾಯಚೂರಿನಿಂದ ಗುಳೆ ಬಂದವರಿಗೂ ಹೆಚ್ಚು ಕಡಿಮೆ ಅದೇ ಪಾಡು. ರೇಷನ್ ಕಾರ್ಡ್ ಊರಲ್ಲಿ, ಹೊಟ್ಟೆ ಇಲ್ಲಿ.

2020ರ ಮೇ ಮೊದಲ ವಾರ ನೆನಪಿದೆಯಾ? ಊರಿಗೆ ಹೋಗುವ ಶ್ರಮಿಕ್ ರೈಲು ಶುರುವಾಗಿತ್ತು. ಮುಖ್ಯಮಂತ್ರಿ ಬಿಲ್ಡರ್‌ಗಳ ಜೊತೆ ಸಭೆ ಮಾಡಿದರು, ಮುಂದಿನ ರೈಲುಗಳು ಬೇಡ ಎಂದು ರಾಜ್ಯ ರೈಲ್ವೆಗೆ ತಿಳಿಸಿತು. ದೇಶಾದ್ಯಂತ ಬೈಗುಳ ಬಂದ ಮೇಲೆ ಎರಡೇ ದಿನಕ್ಕೆ ಮತ್ತೆ ಬಿಟ್ಟರು. ಯಾವ ಸಮೀಕ್ಷೆಯೂ ಬೇಡ. ಈ ಊರಿಗೆ ಆ ಜನರ ಮೈಶ್ರಮ ಬೇಕಿತ್ತು, ಅವರ ಊಟದ ಹೊಣೆ ಬೇಡವಾಗಿತ್ತು ಎಂದು ಆ ಎರಡು ದಿನಗಳೇ ಹೇಳುತ್ತವೆ.

ನಾಗರಭಾವಿ_ನಳಿನಾಕ್ಷಿ

ಅವರ ಬಗ್ಗೆ ಇರುವ ಒಂದು ದಾಖಲೆ ಎಂದರೆ ಸ್ವಾನ್ ಎಂಬ ಸ್ವಯಂಸೇವಕರ ಜಾಲ 2020ರಲ್ಲಿ ತಂದ ವರದಿಗಳು. ಊರು ಬಿಟ್ಟು ಸಿಕ್ಕಿಹಾಕಿಕೊಂಡವರು ಫೋನ್ ಮಾಡುತ್ತಿದ್ದರು, ಇವರು ಬರೆದುಕೊಂಡು ಸಹಾಯ ಹೊಂದಿಸುತ್ತಿದ್ದರು. ಏಪ್ರಿಲ್ ಮಧ್ಯದ ಹೊತ್ತಿಗೆ 11,159 ಜನರ ಮಾಹಿತಿ ಸೇರಿತ್ತು. ಶೇ 89 ಜನರಿಗೆ ಲಾಕ್‌ಡೌನ್ ಸಮಯದ ಸಂಬಳ ಕೊಟ್ಟಿರಲಿಲ್ಲ. ಶೇ 96 ಜನರಿಗೆ ಸರ್ಕಾರದ ರೇಷನ್ ಸಿಕ್ಕಿರಲಿಲ್ಲ. ನಿಮ್ಮ ಪ್ರಬಂಧದಲ್ಲಿ ಹಾಕಿ. ಆದರೆ ಒಂದು ಸಾಲು ಸೇರಿಸಿ: ಫೋನ್ ಮಾಡಿದ್ದು ಕಷ್ಟದಲ್ಲಿದ್ದವರೇ. ಆದ್ದರಿಂದ ಇದನ್ನು ಎಲ್ಲ ವಲಸೆ ಕಾರ್ಮಿಕರ ಸರಾಸರಿ ಎಂದು ಬರೆಯಬಾರದು.

ಸುಮ್ನೆ_ಒಬ್ಬ

ಆಯಿತು, ಕಷ್ಟ ಆಯಿತು, ಒಪ್ಪಿದೆ. ಆದರೆ ಅದೇ ಪ್ರೇಮ್‌ಜಿ ವರದಿಯಲ್ಲಿ ಏಪ್ರಿಲ್-ಮೇನಲ್ಲಿ ಕೆಲಸ ಹೋದ 10 ಕೋಟಿ ಜನರಲ್ಲಿ ಹೆಚ್ಚಿನವರು ಜೂನ್‌ಗೆ ವಾಪಸ್ ಬಂದರು ಎಂದಿದೆಯಲ್ಲ? ವರ್ಷದ ಕೊನೆಗೆ ಹೊರಗೆ ಉಳಿದವರು 1.5 ಕೋಟಿ. ನೂರಕ್ಕೆ 85 ಭಾಗ ಸರಿಹೋಯಿತು ಎಂದೇ ಅರ್ಥ.

ಸೊಸೈಟಿ_ಕ್ಯಾಷಿಯರ್

ಸೊಸೈಟಿಯ ಒಡವೆ ಸಾಲದ ಕೌಂಟರಿನ ಈಚೆ ಕೂತವನು ನಾನು, ಇದಕ್ಕೆ ಉತ್ತರ ಕೊಡುತ್ತೇನೆ. ಕೆಲಸ ವಾಪಸ್ ಬಂತು ಅಂದರೆ ಮೊದಲಿನ ಸ್ಥಿತಿ ಬಂತು ಎಂದಲ್ಲ. ನಡುವಿನ ತಿಂಗಳುಗಳನ್ನು ಯಾವ ದುಡ್ಡಿನಲ್ಲಿ ದಾಟಿದರು?

ಮೊದಲು ಚೀಟಿ ದುಡ್ಡು ಎತ್ತಿದರು. ಆಮೇಲೆ ಪಿಎಫ್. ಕೋವಿಡ್ ಅಡ್ವಾನ್ಸ್ ಎಂದು ಮೂರು ತಿಂಗಳ ಸಂಬಳದಷ್ಟು ಅಥವಾ ಖಾತೆಯ ಶೇ 75, ಯಾವುದು ಕಡಿಮೆಯೋ ಅದನ್ನು ತೆಗೆಯಲು ಬಿಟ್ಟರಲ್ಲ. ಆಮೇಲೆ ಕೈಸಾಲ. ಆಮೇಲೆ ಒಡವೆ. 2020ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಚಿನ್ನದ ಬೆಲೆಯ ಶೇ 75ರ ಬದಲು ಶೇ 90ರವರೆಗೆ ಸಾಲ ಕೊಡಲು ಅನುಮತಿ ಕೊಟ್ಟಿತು, 2021ರ ಮಾರ್ಚ್ ಕೊನೆಯವರೆಗೆ. ಆ ದಿನಗಳಲ್ಲಿ ಕೌಂಟರಿಗೆ ಬಂದದ್ದು ದೊಡ್ಡ ಒಡವೆಗಳಲ್ಲ. ಮಗುವಿನ ಓಲೆ, ಉಂಗುರ, ಕೊನೆಗೆ ಮಾಂಗಲ್ಯದ ಸರ. ಗುಂಡು, ತಾಳಿ ಮಾತ್ರ ಬಿಚ್ಚಿ ಅರಿಶಿನದ ದಾರಕ್ಕೆ ಪೋಣಿಸಿಕೊಂಡು ಹೋಗುತ್ತಿದ್ದರು. ಬಿಡಿಸಿಕೊಳ್ಳಲು ಬಂದವರೂ ಇದ್ದಾರೆ. ಬಡ್ಡಿ ಮಾತ್ರ ಕಟ್ಟಿ ವರ್ಷ ವರ್ಷ ಮುಂದೂಡುತ್ತಿರುವವರೂ ಇದ್ದಾರೆ. ಹರಾಜಿಗೆ ಹೋದದ್ದೂ ಇದೆ.

ಮೊರಟೋರಿಯಂ ಎಂದು ಆರು ತಿಂಗಳು, ಮಾರ್ಚ್‌ನಿಂದ ಆಗಸ್ಟ್‌ವರೆಗೆ, ಕಂತು ಕಟ್ಟದೆ ಇರಲು ಬಿಟ್ಟರು. ಎಷ್ಟೋ ಜನ ಅದನ್ನು ಮನ್ನಾ ಎಂದುಕೊಂಡರು. ಬಡ್ಡಿ ಓಡುತ್ತಲೇ ಇತ್ತು. ಬಡ್ಡಿಯ ಮೇಲಿನ ಬಡ್ಡಿಯನ್ನು ಆಮೇಲೆ ವಾಪಸ್ ಕೊಟ್ಟರು ನಿಜ, ಅಸಲಿನ ಬಡ್ಡಿ ಕಟ್ಟಲೇಬೇಕಿತ್ತು.

ನಿಮ್ಮ ಆದಾಯದ ಗ್ರಾಫಿನಲ್ಲಿ ಇವರೆಲ್ಲ ಅಕ್ಟೋಬರ್ ಹೊತ್ತಿಗೆ ಮೇಲೆ ಬಂದಿರುತ್ತಾರೆ. ನನ್ನ ಲೆಡ್ಜರ್‌ನಲ್ಲಿ ಇನ್ನೂ ಕೆಳಗೇ ಇದ್ದಾರೆ.

ಕುಮಾರಸ್ವಾಮಿ_ಲೇಔಟ್

ಸಾರ್, ಆದಾಯವೂ ಪೂರ್ತಿ ಮೇಲೆ ಬಂದಿರಲಿಲ್ಲ. ಅದೇ ವರದಿಯಲ್ಲಿ ತಲಾ ತಿಂಗಳ ಆದಾಯ 2020ರ ಜನವರಿಯಲ್ಲಿ 5,989 ರೂಪಾಯಿ, ಅಕ್ಟೋಬರ್‌ನಲ್ಲಿ 4,979. ಕೆಲಸ ವಾಪಸ್ ಬಂತು, ಸಾವಿರ ರೂಪಾಯಿ ಬರಲಿಲ್ಲ. ಸಂಬಳದ ಕಾಯಂ ಕೆಲಸದಲ್ಲಿದ್ದವರಲ್ಲಿ ಅರ್ಧದಷ್ಟು ಜನ ಸ್ವಂತ ದುಡಿಮೆ, ದಿನಗೂಲಿ, ಭದ್ರತೆ ಇಲ್ಲದ ಸಂಬಳಕ್ಕೆ ಜಾರಿದ್ದರು.

ಸಾಲದ ವಿಷಯ ನನಗೆ ಹೊಳೆದೇ ಇರಲಿಲ್ಲ. ಇದರ ಬಗ್ಗೆ ಕೋವಿಡ್‌ಗೆ ಮೊದಲಿನ ಮಾಹಿತಿ ಇದೆಯಾ?

ಲೆಕ್ಕದ_ಮೇಷ್ಟ್ರು

ಇದೆ. ಸಾಲ ಮತ್ತು ಆಸ್ತಿಯ ರಾಷ್ಟ್ರೀಯ ಸಮೀಕ್ಷೆ ನಡೆದದ್ದು 2019ರ ಜನವರಿಯಿಂದ ಡಿಸೆಂಬರ್‌ವರೆಗೆ. ಕೋವಿಡ್ ಬರುವ ಮುಂಚಿನ ಫೋಟೋ ಎಂದುಕೊಳ್ಳಿ. ಕರ್ನಾಟಕದ ನಗರ ಭಾಗ ಬೇರೆ ಮಾಡಿ ನೋಡಬಹುದು.

ಟೀಚರಮ್ಮ

ದುಡ್ಡಿನ ಮಾತೇ ಆಯಿತು. ಮಕ್ಕಳ ಕಡೆ ಯಾರೂ ಬರಲಿಲ್ಲ.

ಕರ್ನಾಟಕದಲ್ಲಿ ಒಂದರಿಂದ ಐದನೇ ತರಗತಿ ಮುಚ್ಚಿದ್ದು 2020ರ ಮಾರ್ಚ್‌ನಲ್ಲಿ, ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಮಧ್ಯೆ ವಿದ್ಯಾಗಮ ಎಂದು ಓಣಿಯಲ್ಲಿ, ದೇವಸ್ಥಾನದ ಕಟ್ಟೆಯಲ್ಲಿ ಪಾಠ ಮಾಡಿದೆವು. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿತು ಎಂದು ಅಕ್ಟೋಬರ್ 2020ರಲ್ಲಿ ನಿಲ್ಲಿಸಿದರು. ಆನ್‌ಲೈನ್ ಪಾಠ ಎಂದರೆ ಅಪ್ಪ ಗಾರೆ ಕೆಲಸ ಮುಗಿಸಿ ಫೋನ್ ತರುವವರೆಗೆ ಮಗು ಕಾಯುವುದು.

ಪ್ರೇಮ್‌ಜಿಯವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳಲ್ಲಿ 16,067 ಮಕ್ಕಳನ್ನು ನೋಡಿದರು. ಮುಖ್ಯವಾದ ಮಾತು, ಅವರು ಅಳೆದದ್ದು ಹೊಸದಾಗಿ ಏನು ಕಲಿಯಲಿಲ್ಲ ಎಂದಲ್ಲ. ಹಿಂದಿನ ವರ್ಷ ಬರುತ್ತಿದ್ದದ್ದು ಏನು ಮರೆತುಹೋಯಿತು ಎಂದು. ಶೇ 92 ಮಕ್ಕಳು ಭಾಷೆಯಲ್ಲಿ ಕನಿಷ್ಠ ಒಂದು ಸಾಮರ್ಥ್ಯ ಕಳೆದುಕೊಂಡಿದ್ದರು, ಗಣಿತದಲ್ಲಿ ಶೇ 82. ನನ್ನ ತರಗತಿಯಲ್ಲಿ ಒತ್ತಕ್ಷರ ಬರುತ್ತಿದ್ದ ಹುಡುಗಿ ಕಾಗುಣಿತಕ್ಕೆ ವಾಪಸ್ ಹೋಗಿದ್ದಳು.

ಬೆಂಗಳೂರಿನಲ್ಲಿ ಇನ್ನೊಂದು ಆಯಿತು. ಸಣ್ಣ ಫೀಸಿನ ಇಂಗ್ಲಿಷ್ ಕಾನ್ವೆಂಟುಗಳಿಂದ ಮಕ್ಕಳು ನಮ್ಮ ಕಡೆ ಬಂದರು. ಹಳೆಯ ಫೀಸ್ ಬಾಕಿ ಇದೆ ಎಂದು ಟಿಸಿ ಕೊಡುತ್ತಿರಲಿಲ್ಲ. ಆ ಮಗು ಒಂದು ಶಾಲೆಯ ದಾಖಲೆಯಲ್ಲಿ, ಇನ್ನೊಂದು ಶಾಲೆಯ ಬೆಂಚಿನ ಮೇಲೆ. ಊರಿಗೆ ಹೋದವರ ಮಕ್ಕಳು ನಮ್ಮ ಹಾಜರಿ ಪುಸ್ತಕದಲ್ಲಿ ಹಾಗೇ ಉಳಿದರು. ಇಂಥವರನ್ನು ‘ಶಾಲೆ ಬಿಟ್ಟವರು’ ಎಂದು ಎಣಿಸುವುದಾ, ‘ವಲಸೆ’ ಎಂದಾ? ನಮಗೇ ಗೊಂದಲ.

ಈ ನಷ್ಟದ ಲೆಕ್ಕ ಆ ಮಕ್ಕಳು ದುಡಿಯಲು ಶುರು ಮಾಡಿದ ಮೇಲೆ ಬರುತ್ತದೆ. ಆಗ ಯಾರಾದರೂ ಕೋವಿಡ್ ನೆನಪಿಟ್ಟುಕೊಂಡು ಬರೆಯುತ್ತಾರಾ, ನೋಡಬೇಕು.

ಬಸವನಗುಡಿ_ಹಳಬ

ಬರೆಯುತ್ತಾರೆ ಮೇಡಂ. 1918ರ ಇನ್‌ಫ್ಲುಯೆನ್ಸಾ ಆಗಿ ನಾಲ್ಕು ದಶಕಗಳ ಮೇಲೆ ಶಿಕಾಗೊದ ಅರ್ಥಶಾಸ್ತ್ರಜ್ಞ ಥಿಯೊಡೊರ್ ಶುಲ್ಟ್ಜ್ ಭಾರತದ ಅಂಕಿಗಳನ್ನು ತೆಗೆದರು. ಇಲ್ಲಿ ಕೃಷಿಯಲ್ಲಿ ಕೂಲಿಗಳು ಬೇಕಾದ್ದಕ್ಕಿಂತ ಜಾಸ್ತಿ, ಒಂದಷ್ಟು ಜನ ಹೋದರೂ ಬೆಳೆ ಕಡಿಮೆ ಆಗುವುದಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು. ಶುಲ್ಟ್ಜ್ ನೋಡಿದರೆ ಜ್ವರದ ವರ್ಷದ ನಂತರ ಬಿತ್ತನೆಯ ಜಾಗವೇ ಕಡಿಮೆಯಾಗಿತ್ತು. ಅಮರ್ತ್ಯ ಸೇನ್ ಆ ಲೆಕ್ಕವನ್ನು ಪ್ರಶ್ನಿಸಿದರು, ವಾದ ಜೋರಾಗಿ ನಡೆಯಿತು.

ನಮ್ಮ ಬಡಾವಣೆಯ ಕಥೆಯೂ ಅಂಥದ್ದೇ. 1898ರಲ್ಲಿ ಪ್ಲೇಗ್ ಬಂದು ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬಂದರು. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು ಆ ಹೊತ್ತಿನಲ್ಲಿ. ಅಗಲ ರಸ್ತೆ, ಮನೆ ಹಿಂದೆ ಹೊಲಸು ಸಾಗಿಸಲು ಕನ್ಸರ್ವೆನ್ಸಿ ಗಲ್ಲಿ. ಅಲ್ಲಿ ಸೈಟ್ ಸಿಕ್ಕಿದ್ದು ಯಾರಿಗೆ, ಪೇಟೆಯಲ್ಲೇ ಉಳಿದವರು ಯಾರು ಎಂದು ಯಾರಾದರೂ ಬರೆದರೆ ಓದಲು ನಾನು ತಯಾರು.

ನಿರ್ವಾಹಕ

ಪ್ಲೇಗ್ ಬಗ್ಗೆ ಬೇರೆ ಎಳೆ ಶುರು ಮಾಡಿ, ಖಂಡಿತ ಜನ ಸೇರುತ್ತಾರೆ. ಇಲ್ಲಿ ಕೋವಿಡ್ ಮಾತ್ರ. ಪಕ್ಷ ರಾಜಕೀಯದ ಎರಡು ಉತ್ತರಗಳನ್ನು ತೆಗೆದಿದ್ದೇನೆ.

ಬಿಟಿಎಂ_ಪಿಜಿ

ಪಿಜಿ (ಪೇಯಿಂಗ್ ಗೆಸ್ಟ್ ವಸತಿ) ನಡೆಸುವವರ ಬಗ್ಗೆ ಯಾರಿಗೂ ಕನಿಕರ ಇಲ್ಲ ಎಂದು ಗೊತ್ತು, ಆದರೂ ಬರೆಯುತ್ತೇನೆ. ಒಂದೂವರೆ ವರ್ಷ ಹಾಸಿಗೆ ಖಾಲಿ. ಕಟ್ಟಡ ಲೀಸಿಗೆ ತೆಗೆದುಕೊಂಡು ನಡೆಸುತ್ತಿದ್ದ ಎಷ್ಟೋ ಜನ, ಹೆಚ್ಚಿನವರು ಆಂಧ್ರದವರು, ಪಾತ್ರೆ ಮಾರಿ ಹೋದರು. ಅಡುಗೆಯವರು, ರೂಮ್ ಕ್ಲೀನ್ ಮಾಡುವವರು, ಹಾಲಿನವರು, ಬಟ್ಟೆ ಇಸ್ತ್ರಿಯವರು, ಎಲ್ಲರೂ ಅದರ ಜೊತೆಗೇ ಹೋದರು. ಟೆಕ್ಕಿಗಳು ವಾಪಸ್ ಬಂದ ಮೇಲೆ ಬಾಡಿಗೆ ಎಷ್ಟು ಏರಿತು ಎಂದು ನಿಮಗೇ ಗೊತ್ತು. ಆ ಲಾಭ ಬಂದದ್ದು ಹೊಸಬರಿಗೆ, ಬಂಡವಾಳ ಇದ್ದವರಿಗೆ. ಮೊದಲು ಬಿದ್ದವರಿಗೆ ಅಲ್ಲ.

ಕುಮಾರಸ್ವಾಮಿ_ಲೇಔಟ್

ಎಲ್ಲರಿಗೂ ಧನ್ಯವಾದ. ನಾಲ್ಕರಲ್ಲಿ ಒಂದನ್ನು ಹಿಡಿಯುವ ಯೋಚನೆ ಬಿಟ್ಟಿದ್ದೇನೆ. ಯಾವ ಗೆರೆ, ಏನನ್ನು ಅಳೆದರು, ಯಾರನ್ನು ಕೇಳಿದರು ಎಂದು ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಒಂದು ಅಧ್ಯಾಯ. ಎರಡನೆಯದು ನಗರದ ಹೆಂಗಸರು. ಮೂರನೆಯದು ಸಾಲ. ಮೇಷ್ಟ್ರೇ, ಪಿಎಲ್‌ಎಫ್‌ಎಸ್‌ನಲ್ಲಿ ಬೆಂಗಳೂರನ್ನು ಮಾತ್ರ ಬೇರೆ ತೆಗೆಯಬಹುದಾ?

ಲೆಕ್ಕದ_ಮೇಷ್ಟ್ರು

ಜಿಲ್ಲೆಯ ಸಂಕೇತ ಇದೆ, ತೆಗೆಯಬಹುದು. ಆದರೆ ಒಂದು ಜಿಲ್ಲೆಗೆ ಸಿಗುವ ಮನೆಗಳು ಕಡಿಮೆ, ಶೇಕಡಾವಾರು ಹೇಳಿದರೆ ಪರೀಕ್ಷಕರು ಹಿಡಿದುಕೊಳ್ಳುತ್ತಾರೆ. ಕರ್ನಾಟಕದ ನಗರ ಭಾಗ ಎಂದು ತೆಗೆದುಕೊಳ್ಳಿ. ಇನ್ನೊಂದು ಅನುಕೂಲ ಇದೆ. ಆಗಿನ ಪಿಎಲ್‌ಎಫ್‌ಎಸ್ ನಗರಗಳಲ್ಲಿ ಒಂದೇ ಮನೆಗೆ ನಾಲ್ಕು ತ್ರೈಮಾಸಿಕ ಹೋಗುತ್ತಿತ್ತು. ಆದ್ದರಿಂದ ಅದೇ ಮನೆ ಲಾಕ್‌ಡೌನ್‌ಗೆ ಮೊದಲು ಹೇಗಿತ್ತು, ಆಮೇಲೆ ಹೇಗಿತ್ತು ಎಂದು ಹಿಂಬಾಲಿಸಬಹುದು. 2020ರ ಏಪ್ರಿಲ್-ಜೂನ್‌ನಲ್ಲಿ ದೇಶದ ನಗರಗಳ ನಿರುದ್ಯೋಗ ಶೇ 20.9 ಎಂದು ಬಂದದ್ದು ಇದರಿಂದಲೇ. ಮಾರ್ಚ್‌ನಲ್ಲಿ ಸಮೀಕ್ಷೆ ನಿಂತು ಜೂನ್‌ನಲ್ಲಿ ಮತ್ತೆ ಶುರುವಾಯಿತು ಅನ್ನುವುದನ್ನು ಮಾತ್ರ ಮರೆಯಬೇಡಿ.

ಪೀಣ್ಯ_ಸೂಪರ್‌ವೈಸರ್

ತಮ್ಮಾ, ಹಳೆಯ ಲೈನಿನವರನ್ನು ಮಾತಾಡಿಸಬೇಕು ಎಂದರೆ ನಾನು ಹೇಳುತ್ತೇನೆ. ಎರಡು ಷರತ್ತು. ಹೆಸರು, ಫ್ಯಾಕ್ಟರಿ ಯಾವುದೂ ಬರೆಯಬಾರದು. ಭಾನುವಾರ ಮಧ್ಯಾಹ್ನದ ಮೇಲೆ ಬರಬೇಕು, ಬೆಳಿಗ್ಗೆ ಬಟ್ಟೆ ಒಗೆಯುವುದು, ನೀರು ಹಿಡಿಯುವುದು ಇರುತ್ತದೆ.

ನಾಗರಭಾವಿ_ನಳಿನಾಕ್ಷಿ

ನಾನೂ ಜೊತೆಗೆ ಬರುತ್ತೇನೆ. ಗಂಡಸೊಬ್ಬರೇ ಹೋಗಿ ಪ್ರಶ್ನೆ ಕೇಳಿದರೆ ಮತ್ತೆ ‘ಎಲ್ಲ ಚೆನ್ನಾಗಿದೆ’ ಎಂದೇ ಬರುತ್ತದೆ. ಫಾರಂನಲ್ಲಿ ಆದಾಯ ಎಷ್ಟು ಎಂದು ಮೊದಲು ಇಡಬೇಡಿ. ಆಗ ಅಡವಿಟ್ಟದ್ದು ಏನು, ಅದರಲ್ಲಿ ಬಿಡಿಸಿಕೊಂಡದ್ದು ಏನು ಎಂದು ಶುರು ಮಾಡಿ. ಉಳಿದದ್ದು ಅವರೇ ಹೇಳುತ್ತಾರೆ.

ಸೊಸೈಟಿ_ಕ್ಯಾಷಿಯರ್

ಅದರ ಜೊತೆ ಯಾರ ಹತ್ತಿರ ಅಡವಿಟ್ಟರು ಎಂದೂ ಕೇಳಿ. ಬ್ಯಾಂಕಾ, ಸೊಸೈಟಿಯಾ, ಗಿರವಿ ಅಂಗಡಿಯಾ. ಬಡ್ಡಿ ಒಂದೊಂದು ಕಡೆ ಒಂದೊಂದು ಥರ. ಗಿರವಿ ಅಂಗಡಿಯದಾದರೆ ಚೀಟಿ ಇಟ್ಟುಕೊಂಡಿದ್ದಾರಾ ನೋಡಿ, ತಾರೀಕು ಅದರಲ್ಲೇ ಇರುತ್ತದೆ.